ಡ್ರಾಯಿಂಗ್ ಓದಿ ಎಸ್ಟಿಮೇಟ್ ಕೊಡುವ ಕಂಪ್ಯೂಟರ್ ವಿಷನ್: ಸಮಗ್ರ ಮಾರ್ಗದರ್ಶಿ

ಕೊಟೇಶನ್‌ಗೆಂದು ಬಂದ ಡ್ರಾಯಿಂಗ್ ನೋಡಿ ಬೆಲೆ ಹೇಳುವ ಕೆಲಸದಲ್ಲಿ ಎರಡು ಭಾಗಗಳಿವೆ. ಒಂದು, ಓದುವುದು. ಅಳತೆ ಎಷ್ಟು, ತೂತು ಎಷ್ಟು, ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಹೆಚ್ಚು ಕಡಿಮೆ) ಏನು, ಮಾಲು ಯಾವುದು. ಇನ್ನೊಂದು, ಲೆಕ್ಕ. ಇದನ್ನು ಮಾಡಲು ಯಾವ ಮಶೀನ್ ಬೇಕು, ಎಷ್ಟು ಹೊತ್ತು ಹಿಡಿಯುತ್ತದೆ, ಎಷ್ಟು ಖರ್ಚು. ಅನುಭವ ಇರುವ ಎಸ್ಟಿಮೇಟರ್ ಎರಡನ್ನೂ ಒಟ್ಟಿಗೇ ಮಾಡುತ್ತಾರೆ. ಕಂಪ್ಯೂಟರ್‌ಗೆ ಒಪ್ಪಿಸುವಾಗ ಮಾತ್ರ ಇವೆರಡನ್ನು ಬೇರೆ ಇಡಲೇಬೇಕು.

ಡ್ರಾಯಿಂಗ್‌ನ ಚಿತ್ರ ಕೊಟ್ಟರೆ ನೇರವಾಗಿ ಬೆಲೆ ಹೇಳುವ ಮಾಡೆಲ್ ಮಾಡೋಣ ಎಂದು ಯಾರಿಗಾದರೂ ಅನಿಸುತ್ತದೆ. ಹಳೆಯ ಡ್ರಾಯಿಂಗ್‌ಗಳಿವೆ, ಹಳೆಯ ಕೊಟೇಶನ್‌ಗಳಿವೆ, ಎರಡನ್ನೂ ಜೋಡಿಸಿ ಕಲಿಸಿದರಾಯಿತು ಅಲ್ವಾ? ಈ ದಾರಿ ಹಿಡಿಯಬೇಡಿ. ಹಳೆಯ ಕೊಟೇಶನ್‌ನಲ್ಲಿ ಇರುವುದು ಬರೀ ಖರ್ಚಲ್ಲ. ಆ ದಿನದ ಮಾಲಿನ ರೇಟು, ಗ್ರಾಹಕರ ಜೊತೆಗಿನ ಸಂಬಂಧ, ಮಶೀನ್ ಖಾಲಿ ಇತ್ತೋ ಇಲ್ಲವೋ, ಎಲ್ಲವೂ ಅದೇ ಒಂದು ಅಂಕಿಯೊಳಗೆ ಸೇರಿಕೊಂಡಿವೆ. ಮಾಡೆಲ್ ಕೊಟ್ಟ ಬೆಲೆ ತಪ್ಪಾದಾಗ ಯಾಕೆ ತಪ್ಪಾಯಿತು ಎಂದು ಹುಡುಕಲೂ ಆಗುವುದಿಲ್ಲ. ಕಂಪ್ಯೂಟರ್ ವಿಷನ್, ಅಂದರೆ ಚಿತ್ರ ನೋಡಿ ತಿಳಿಯುವ ಸಾಫ್ಟ್‌ವೇರ್, ಓದಲಿ, ಎಲ್ಲಿಂದ ಓದಿತು ಎಂದು ತೋರಿಸಲಿ. ಬೆಲೆಯನ್ನು ಯಾರು ಬೇಕಾದರೂ ಪರೀಕ್ಷೆ ಮಾಡಬಹುದಾದ ಸರಳ ಲೆಕ್ಕ ಹೇಳಲಿ. ಓದಿದ್ದರಲ್ಲಿ ಅನುಮಾನ ಇದ್ದರೆ ಸಿಸ್ಟಮ್ ಅದನ್ನು ಮುಚ್ಚಿಡದೆ ಹೇಳಲಿ. ಈ ಮಾರ್ಗದರ್ಶಿ ಇದೇ ದಾರಿಯಲ್ಲಿ ಹೋಗುತ್ತದೆ.

ಮಾತು ಗಾಳಿಯಲ್ಲಿ ತೇಲಬಾರದು. ಹಾಗಾಗಿ ಒಂದೇ ಉದಾಹರಣೆ ಹಿಡಿದು ಹೋಗೋಣ. ಒಂದು ಉಕ್ಕಿನ ಪ್ಲೇಟ್, 120 × 80 × 16 ಮಿ.ಮೀ. ಮಧ್ಯದಲ್ಲಿ ⌀25 ಎಚ್7 ಬೋರ್ (⌀ ಎಂದರೆ ವ್ಯಾಸ, ಎಚ್7 ಒಂದು ಬಿಗಿ ಟಾಲರೆನ್ಸ್, ಬೋರ್ ಎಂದರೆ ನಿಖರ ತೂತು). ನಾಲ್ಕು ಮೂಲೆಗಳಲ್ಲಿ ⌀9 ತೂತು. ಎರಡು ಎಂ8 ಟ್ಯಾಪ್, ಅಂದರೆ 8 ಮಿ.ಮೀ. ಥ್ರೆಡ್ ಇರುವ ತೂತು. ಎಲ್ಲ ಕಡೆ ಆರ್‌ಎ 3.2 ಫಿನಿಶ್, ಬೋರಿನ ಒಳಗೆ 1.6 (ಮೇಲ್ಮೈಯ ನುಣುಪಿನ ಅಳತೆ; ಅಂಕಿ ಕಡಿಮೆಯಾದಷ್ಟೂ ನುಣುಪು ಹೆಚ್ಚು). ಟೈಟಲ್ ಬ್ಲಾಕ್‌ನಲ್ಲಿ, ಅಂದರೆ ಹಾಳೆಯ ಮೂಲೆಯ ಮಾಹಿತಿ ಚೌಕದಲ್ಲಿ, ಐಎಸ್‌ಒ 2768-ಎಂ ಎಂದು ಬರೆದಿದೆ. ಟಾಲರೆನ್ಸ್ ಬರೆಯದ ಅಳತೆಗಳಿಗೆ ಅನ್ವಯಿಸುವ ಮಾನದಂಡ ಅದು.

ಹಂತ 1: ಯಾವ ಜಾಬ್, ಯಾವ ಉತ್ತರ

ಎಲ್ಲ ಬಗೆಯ ಡ್ರಾಯಿಂಗ್ ಓದುವ ಸಿಸ್ಟಮ್ ಮಾಡಲು ಹೊರಟರೆ ಯಾವುದನ್ನೂ ಸರಿಯಾಗಿ ಓದದ ಸಿಸ್ಟಮ್ ಸಿಗುತ್ತದೆ. ನಿಮಗೆ ಅತಿ ಹೆಚ್ಚು ಬರುವ ಒಂದು ಬಗೆಯ ಜಾಬ್ ಆರಿಸಿ. ಮಿಲ್ಲಿಂಗ್ ಪ್ಲೇಟ್‌ಗಳು, ಇಲ್ಲವೇ ಲೇತ್‌ನ ಶಾಫ್ಟ್‌ಗಳು, ಇಲ್ಲವೇ ಶೀಟ್ ಮೆಟಲ್. ಅಸೆಂಬ್ಲಿ ಡ್ರಾಯಿಂಗ್ ಸದ್ಯಕ್ಕೆ ಬೇಡ.

ಆಮೇಲೆ ಎಸ್ಟಿಮೇಟರ್ ಪಕ್ಕ ಕುಳಿತು, ಬೆಲೆ ಕಟ್ಟಲು ಅವರು ಡ್ರಾಯಿಂಗ್‌ನಿಂದ ಏನೇನು ಎತ್ತಿಕೊಳ್ಳುತ್ತಾರೆ ಎಂದು ಬರೆದುಕೊಳ್ಳಿ. ಪ್ಲೇಟ್‌ಗಾದರೆ ಪಟ್ಟಿ ಚಿಕ್ಕದು: ಹೊರ ಅಳತೆ, ಮಾಲು, ಪ್ರತಿ ಬಗೆಯ ತೂತಿನ ವ್ಯಾಸ, ಆಳ ಮತ್ತು ಸಂಖ್ಯೆ, ಥ್ರೆಡ್, ಬಿಗಿ ಟಾಲರೆನ್ಸ್ ಇರುವ ಜಾಗಗಳು, ಫಿನಿಶ್, ಹೀಟ್ ಟ್ರೀಟ್‌ಮೆಂಟ್, ಕೋಟಿಂಗ್, ಎಷ್ಟು ಪೀಸ್. ಡ್ರಾಯಿಂಗ್‌ನಲ್ಲಿರುವ ಪ್ರತಿ ಗೆರೆಯೂ ನಿಮಗೆ ಬೇಕಿಲ್ಲ. ಬೆಲೆಯನ್ನು ಅಲುಗಾಡಿಸುವುದು ಮಾತ್ರ ಬೇಕು. ಈ ಪಟ್ಟಿ ಇಲ್ಲದೆ ಕೋಡ್ ಬರೆಯಲು ಕೂರಬೇಡಿ.

ಹಂತ 2: ಫೈಲ್ ಒಳಗೆ ಏನಿದೆ ನೋಡಿ

ಪಿಡಿಎಫ್ ಬಂದ ಕೂಡಲೇ ಅದನ್ನು ಚಿತ್ರ ಮಾಡಿ ಮಾಡೆಲ್‌ಗೆ ಹಾಕುವುದು ಜನ ಮಾಡುವ ಮೊದಲ ತಪ್ಪು. ಪಿಡಿಎಫ್‌ನಲ್ಲಿ ಎರಡು ಬಗೆ. ಕ್ಯಾಡ್‌ನಿಂದ ನೇರವಾಗಿ ಹೊರಬಂದದ್ದರಲ್ಲಿ ಗೆರೆಗಳು ಗೆರೆಗಳಾಗಿಯೇ, ಅಕ್ಷರಗಳು ಅಕ್ಷರಗಳಾಗಿಯೇ ಇರುತ್ತವೆ. ಪೈಮುಪಿಡಿಎಫ್ ಅಥವಾ ಪಿಡಿಎಫ್‌ಪ್ಲಂಬರ್‌ನಂತಹ ಲೈಬ್ರರಿ ಹಾಕಿದರೆ ಪ್ರತಿ ಅಂಕಿ ಯಾವ ಜಾಗದಲ್ಲಿದೆ ಎಂಬುದೂ ಸಮೇತ ಸಿಗುತ್ತದೆ. ಅಲ್ಲಿ ಊಹೆಯೇ ಬೇಕಿಲ್ಲ. ಎರಡನೆಯದು ಸ್ಕ್ಯಾನ್ ಮಾಡಿದ್ದು. ಅದರೊಳಗೆ ಇರುವುದು ಒಂದು ಫೋಟೋ, ಅಷ್ಟೇ. ವಿಷನ್‌ನ ನಿಜವಾದ ಕೆಲಸ ಅಲ್ಲಿ. ಡಿಎಕ್ಸ್‌ಎಫ್ (ಕ್ಯಾಡ್ ಡ್ರಾಯಿಂಗ್ ಫೈಲ್) ಬಂದರೆ ಈಝಡ್‌ಡಿಎಕ್ಸ್‌ಎಫ್ ಲೈಬ್ರರಿಯಿಂದ ಓದಿ. ಸ್ಟೆಪ್ ಫೈಲ್ ಕೊಡುತ್ತೀರಾ ಎಂದು ಗ್ರಾಹಕರನ್ನು ಕೇಳಿ ನೋಡುವುದಕ್ಕೂ ಸಂಕೋಚ ಬೇಡ. ಮೂರು ಆಯಾಮದ ಮಾಡೆಲ್ ಸಿಕ್ಕರೆ ಗಾತ್ರದ ಲೆಕ್ಕ ಅಲ್ಲೇ ಮುಗಿಯುತ್ತದೆ. ಆಗಲೂ ಟಾಲರೆನ್ಸ್, ಫಿನಿಶ್ ಎಲ್ಲ ಸಾಮಾನ್ಯವಾಗಿ ಡ್ರಾಯಿಂಗ್‌ನಲ್ಲೇ ಉಳಿದಿರುತ್ತವೆ.

ಇಲ್ಲಿ ಎಡವಿ ಬೀಳುವ ಜಾಗ ಎರಡಿವೆ, ಗಮನ ಇರಲಿ. ಆಟೋಕ್ಯಾಡ್‌ನ ಎಸ್‌ಎಚ್‌ಎಕ್ಸ್ ಫಾಂಟ್‌ನಲ್ಲಿ ಬರೆದ ಅಂಕಿಗಳು ಪಿಡಿಎಫ್‌ಗೆ ಬರುವಾಗ ಬರೀ ಚಿಕ್ಕ ಚಿಕ್ಕ ಗೆರೆಗಳಾಗಿಬಿಡುತ್ತವೆ. ಕಣ್ಣಿಗೆ ಅಂಕಿ ಕಾಣುತ್ತದೆ, ಲೈಬ್ರರಿಗೆ ಏನೂ ಸಿಗುವುದಿಲ್ಲ. ಎರಡನೆಯದು ಇನ್ನೂ ಕಷ್ಟದ್ದು. ಜ್ಯಾಮಿತಿಯ ಗುರುತುಗಳಿಗೆಂದೇ ಇರುವ ಕೆಲವು ಫಾಂಟ್‌ಗಳಲ್ಲಿ ⌀ ಗುರುತಿನ ಹಿಂದೆ ಸಾಮಾನ್ಯ ಇಂಗ್ಲಿಷ್ ಅಕ್ಷರ ಕುಳಿತಿರುತ್ತದೆ. ಪರದೆಯಲ್ಲಿ ವ್ಯಾಸದ ಗುರುತು, ತೆಗೆದ ಪಠ್ಯದಲ್ಲಿ 'ಎನ್'. ಆದ್ದರಿಂದ ಗೆರೆ ಪಿಡಿಎಫ್ ಆದರೂ ಪುಟವನ್ನು ಒಮ್ಮೆ ಚಿತ್ರ ಮಾಡಿ ಓದಿಸಿ, ಎರಡು ಓದುಗಳನ್ನು ತಾಳೆ ನೋಡಿ.

ಹಂತ 3: ಚಿತ್ರವನ್ನು ಹದ ಮಾಡುವುದು

ಸ್ಕ್ಯಾನ್ 300 ಡಿಪಿಐಗೆ (ಇಂಚಿಗೆ 300 ಚುಕ್ಕಿ) ಕಡಿಮೆ ಇರಬಾರದು. ಎ3 ಹಾಳೆ ಈ ಲೆಕ್ಕದಲ್ಲಿ ಸುಮಾರು 4961 × 3508 ಪಿಕ್ಸೆಲ್ ಆಗುತ್ತದೆ. ಒಂದು ಮಿಲಿಮೀಟರ್‌ಗೆ 11.8 ಪಿಕ್ಸೆಲ್. 0.35 ಮಿ.ಮೀ. ದಪ್ಪದ ಗೆರೆಗೆ ನಾಲ್ಕು ಪಿಕ್ಸೆಲ್ ಸಿಗುತ್ತದೆ, 2.5 ಮಿ.ಮೀ. ಎತ್ತರದ ಅಂಕಿಗೆ ಸುಮಾರು 30. ಓದಲು ಇದು ಸಾಕು. 150 ಡಿಪಿಐಗೆ ಇಳಿಸಿದರೆ ದಶಮಾಂಶ ಚುಕ್ಕಿ ಕಲೆಯಂತೆ ಕಂಡು ಕಾಣೆಯಾಗುತ್ತದೆ. 12.5 ಹೋಗಿ 125 ಆಗುತ್ತದೆ.

ಮಾಡಬೇಕಾದ್ದು ಇಷ್ಟು. ಹಾಳೆಯ ಚೌಕಟ್ಟಿನ ಉದ್ದ ಗೆರೆಗಳನ್ನು ಓಪನ್‌ಸಿವಿ ಎಂಬ ಚಿತ್ರ ಲೈಬ್ರರಿಯಲ್ಲಿರುವ, ನೇರ ಗೆರೆ ಹುಡುಕುವ ಹಫ್ ಟ್ರಾನ್ಸ್‌ಫಾರ್ಮ್‌ನಿಂದ ಹುಡುಕಿ, ಅವು ಎಷ್ಟು ಡಿಗ್ರಿ ವಾಲಿವೆ ನೋಡಿ ಹಾಳೆಯನ್ನು ನೇರ ಮಾಡಿ. ಕಪ್ಪು ಬಿಳುಪು ಮಾಡಲು ಅಡಾಪ್ಟಿವ್ ಥ್ರೆಶೋಲ್ಡ್ ಬಳಸಿ. ಮಡಿಕೆ, ನೆರಳು ಇರುವ ಹಾಳೆಗೆ ಒಂದೇ ಮಿತಿ ಇಟ್ಟರೆ ಅರ್ಧ ಹಾಳೆ ಕಪ್ಪಾಗುತ್ತದೆ. ಕಲೆ ತೆಗೆಯುವ ಫಿಲ್ಟರ್ ಹಾಕುವಾಗ ಮಾತ್ರ ಕೈ ಹಿಡಿತ ಇರಲಿ. ದಶಮಾಂಶ ಚುಕ್ಕಿಗೂ ಧೂಳಿನ ಚುಕ್ಕಿಗೂ ಗಾತ್ರದಲ್ಲಿ ಜಾಸ್ತಿ ವ್ಯತ್ಯಾಸ ಇಲ್ಲ. ಮೂಲ ಚಿತ್ರವನ್ನು ಎಂದೂ ಅಳಿಸಬೇಡಿ, ಮುಂದೆ ಬೇಕಾಗುತ್ತದೆ.

ಹಂತ 4: ಹಾಳೆಯನ್ನು ವಿಂಗಡಿಸುವುದು

ಡ್ರಾಯಿಂಗ್ ಒಂದೇ ಚಿತ್ರವಲ್ಲ. ಟೈಟಲ್ ಬ್ಲಾಕ್ ಇದೆ, ನೋಟ್ಸ್ ಇದೆ, ರಿವಿಜನ್ ಟೇಬಲ್ ಇದೆ, ಎರಡು ಮೂರು ವ್ಯೂಗಳಿವೆ (ಬೇರೆ ಬೇರೆ ಕಡೆಯಿಂದ ಕಂಡ ನೋಟಗಳು), ಒಂದು ಸೆಕ್ಷನ್ (ಕತ್ತರಿಸಿ ತೋರಿಸಿದ ನೋಟ), ಒಂದು ದೊಡ್ಡದು ಮಾಡಿ ತೋರಿಸಿದ ಡಿಟೇಲ್. ಮೊದಲು ಇವನ್ನು ಬೇರೆ ಬೇರೆ ಚೌಕಗಳಾಗಿ ಗುರುತಿಸುವ ಒಂದು ಚಿಕ್ಕ ಮಾಡೆಲ್ ಇರಲಿ. ಈ ಒಂದು ಕೆಲಸಕ್ಕೆ ಮಾತ್ರ ಹಾಳೆಯನ್ನು ಕುಗ್ಗಿಸಿ ಕೊಡಬಹುದು. ದೊಡ್ಡ ಚೌಕ ಹುಡುಕಲು ಸೂಕ್ಷ್ಮ ವಿವರ ಬೇಕಿಲ್ಲ.

ಟೈಟಲ್ ಬ್ಲಾಕ್ ಅನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಾಲಿನ ಗ್ರೇಡ್ ಅಲ್ಲೇ ಇರುವುದು. ಸ್ಟೇನ್‌ಲೆಸ್‌ನಲ್ಲಿ 304ಕ್ಕೂ 316ಕ್ಕೂ, ಅಲ್ಯೂಮಿನಿಯಂನಲ್ಲಿ 6061ಕ್ಕೂ 7075ಕ್ಕೂ ಮಾಲಿನ ರೇಟು ಬೇರೆಯೇ. ಅಳತೆಯ ಯೂನಿಟ್ ಮಿಲಿಮೀಟರೋ ಇಂಚೋ ಎಂಬುದೂ ಅಲ್ಲೇ ಇದೆ. ಪ್ರೊಜೆಕ್ಷನ್ ಫಸ್ಟ್ ಆಂಗಲ್ಲೋ ಥರ್ಡ್ ಆಂಗಲ್ಲೋ ಎಂದು ಹೇಳುವ ಮೊಂಡು ಕೋನಿನ ಗುರುತೂ ಅಲ್ಲೇ. ಅದನ್ನು ತಪ್ಪಾಗಿ ತಿಳಿದರೆ ಬಲಗಡೆಯ ತೂತು ಎಡಗಡೆಗೆ ಹೋಗುತ್ತದೆ.

ಹಂತ 5: ಗುರುತುಗಳನ್ನು ಹುಡುಕುವ ಮಾಡೆಲ್

ಈಗ ಪ್ರತಿ ವ್ಯೂ ಒಳಗೆ ಹೋಗಬೇಕು. ಡೈಮೆನ್ಷನ್ ಪಠ್ಯ, ಬಾಣದ ತುದಿ, ಫಿನಿಶ್ ಗುರುತು, ಜ್ಯಾಮಿತಿ ಟಾಲರೆನ್ಸ್‌ನ ಚೌಕ, ಡೇಟಮ್ (ಅಳತೆಗೆ ಆಧಾರವಾದ ಮೇಲ್ಮೈ) ಗುರುತು, ಸೆಕ್ಷನ್ ಗೆರೆ, ವೆಲ್ಡಿಂಗ್ ಗುರುತು. ಇವನ್ನು ಹುಡುಕಲು ಯೋಲೋ ಬಗೆಯ ಡಿಟೆಕ್ಷನ್ ಮಾಡೆಲ್ ಚೆನ್ನಾಗಿ ಹೊಂದುತ್ತದೆ. ಓರೆಯಾಗಿ ಬರೆದ ಅಳತೆಗಳಿಗಾಗಿ ತಿರುಗಿದ ಚೌಕ ಕೊಡಬಲ್ಲ ಆವೃತ್ತಿಯನ್ನೇ ಆರಿಸಿ.

ಇಂಥ ಮಾಡೆಲ್‌ಗಳಿಗೆ ಸಾಮಾನ್ಯವಾಗಿ 640 × 640 ಪಿಕ್ಸೆಲ್‌ನ ಚಿತ್ರ ಕೊಡುತ್ತಾರೆ. ನಮ್ಮ ಎ3 ಹಾಳೆಯನ್ನು ಅಷ್ಟಕ್ಕೆ ಕುಗ್ಗಿಸಿದರೆ 2.5 ಮಿ.ಮೀ. ಅಂಕಿಗೆ ಉಳಿಯುವುದು ನಾಲ್ಕು ಪಿಕ್ಸೆಲ್‌ಗೂ ಕಡಿಮೆ. ಅಷ್ಟರಲ್ಲಿ ಮನುಷ್ಯರಿಗೂ ಓದಲಾಗದು. ಹಾಗಾಗಿ ಹಾಳೆಯನ್ನು ಕುಗ್ಗಿಸದೆ ತುಂಡು ಮಾಡಿ. 1024 ಪಿಕ್ಸೆಲ್‌ನ ಚೌಕಗಳು, ಒಂದರ ಮೇಲೊಂದು ಶೇ. 20ರಷ್ಟು ಹೊದ್ದುಕೊಂಡಿರಲಿ. ಎ3 ಹಾಳೆಗೆ 30 ತುಂಡು ಬರುತ್ತದೆ. ಹೊದಿಕೆ ಇಲ್ಲದಿದ್ದರೆ ಅಂಚಿನಲ್ಲಿ ಬಿದ್ದ ಅಳತೆ ಅರ್ಧಕ್ಕೆ ಕತ್ತರಿಸಿ ಹೋಗುತ್ತದೆ. ಕೊನೆಗೆ ಎಲ್ಲ ತುಂಡುಗಳ ಉತ್ತರ ಸೇರಿಸುವಾಗ, ಎರಡು ಕಡೆ ಸಿಕ್ಕ ಒಂದೇ ಗುರುತನ್ನು ಒಂದಾಗಿ ಮಾಡಿ.

ಕಲಿಸಲು ಬೇಕಾದ ಗುರುತು ಹಾಕುವ ಕೆಲಸಕ್ಕೆ ಸಿವ್ಯಾಟ್ ಅಥವಾ ಲೇಬಲ್ ಸ್ಟುಡಿಯೋ ಸಾಕು. ಗುರುತು ಹಾಕುವವರು ಡ್ರಾಯಿಂಗ್ ಓದಬಲ್ಲವರಾಗಿರಬೇಕು. ಇದರಲ್ಲಿ ರಾಜಿ ಬೇಡ. ಬಾಣಗಳಿರುವ ಡೈಮೆನ್ಷನ್ ಗೆರೆಗೂ, ಪಾರ್ಟ್‌ನ ಅಂಚಿನಿಂದ ಹೊರಬರುವ ಎಕ್ಸ್‌ಟೆನ್ಷನ್ ಗೆರೆಗೂ ವ್ಯತ್ಯಾಸ ಗೊತ್ತಿಲ್ಲದವರು ಹಾಕಿದ ಗುರುತುಗಳಿಂದ ಮಾಡೆಲ್ ಅದೇ ಗೊಂದಲವನ್ನೇ ಕಲಿಯುತ್ತದೆ.

ಹಾಳೆಗಳು ಕಡಿಮೆ ಇದ್ದರೆ ಕ್ಯಾಡ್‌ನಿಂದಲೇ ಹೊಸ ಡ್ರಾಯಿಂಗ್‌ಗಳನ್ನು ತಯಾರಿಸಬಹುದು. ಫ್ರೀಕ್ಯಾಡ್‌ನಲ್ಲಿ ಪೈಥಾನ್ ಬರೆದು ಅಳತೆ ಬದಲಿಸುತ್ತಾ ಹೋದರೆ ಬೇಕಾದಷ್ಟು ಪ್ಲೇಟ್‌ಗಳು ಸಿಗುತ್ತವೆ, ಸರಿಯಾದ ಉತ್ತರವೂ ಜೊತೆಗೇ ಬರುತ್ತದೆ. ಅದಕ್ಕೆ ಮಸುಕು, ಕಲೆ, ವಾಲು ಸೇರಿಸಿ ಸ್ಕ್ಯಾನ್‌ನಂತೆ ಮಾಡಿ. ಮಾದರಿ ಹೆಚ್ಚಿಸಲೆಂದು ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಮಗುಚುವ ಆಗ್ಮೆಂಟೇಶನ್ ಅನ್ನು ಮಾತ್ರ ಬಳಸಬೇಡಿ. ಬೆಕ್ಕು ನಾಯಿಗಳ ಚಿತ್ರಕ್ಕೆ ಅದು ಸರಿ. ಮಗುಚಿದ ಅಂಕಿ ಯಾವ ಡ್ರಾಯಿಂಗ್‌ನಲ್ಲೂ ಇರುವುದಿಲ್ಲ.

ಪರೀಕ್ಷೆಗೆ ಇಡುವ ಹಾಳೆಗಳನ್ನು ಸುಮ್ನೆ ಕಣ್ಣುಮುಚ್ಚಿ ಆರಿಸಬೇಡಿ. ಒಂದೇ ಗ್ರಾಹಕರ ಡ್ರಾಯಿಂಗ್‌ಗಳು ಒಂದೇ ಟೆಂಪ್ಲೇಟ್, ಒಂದೇ ಫಾಂಟ್‌ನಲ್ಲಿರುತ್ತವೆ. ಅವು ಕಲಿಕೆಯಲ್ಲೂ ಪರೀಕ್ಷೆಯಲ್ಲೂ ಬಂದರೆ ಅಂಕ ಸುಳ್ಳಾಗಿ ಏರುತ್ತದೆ. ಕೆಲವು ಗ್ರಾಹಕರ ಹಾಳೆಗಳನ್ನು ಪೂರ್ತಿ ಪರೀಕ್ಷೆಗೇ ಇಡಿ.

ಹಂತ 6: ಅಂಕಿ ಓದುವುದು

ಚೌಕ ಸಿಕ್ಕ ಮೇಲೆ ಅದರೊಳಗಿನ ಅಂಕಿಯನ್ನು ಓಸಿಆರ್ (ಚಿತ್ರದಲ್ಲಿರುವ ಅಕ್ಷರ ಗುರುತಿಸುವ ಸಾಫ್ಟ್‌ವೇರ್) ಓದುತ್ತದೆ. ಟೆಸರಾಕ್ಟ್, ಪ್ಯಾಡಲ್‌ಓಸಿಆರ್, ಈಝಿಓಸಿಆರ್, ಯಾವುದನ್ನಾದರೂ ತೆಗೆದುಕೊಳ್ಳಿ. ಇವು ಸಾಲಾಗಿ ಬರೆದ ವಾಕ್ಯ ಓದಲು ತಯಾರಾದವು. ಡ್ರಾಯಿಂಗ್‌ನ ಪಠ್ಯ ಬೇರೆಯೇ ಜಾತಿ. ⌀ ಅನ್ನು ಸೊನ್ನೆ ಎಂದು ಓದುತ್ತವೆ, ಆಗ ⌀9 ಹೋಗಿ 09. ± ಗುರುತು ಬರೀ + ಆಗುತ್ತದೆ. ಮೇಲೊಂದು ಕೆಳಗೊಂದು ಬರೆದ ಟಾಲರೆನ್ಸ್ ಒಂದೇ ಸಾಲಿಗೆ ಅಂಟಿಕೊಳ್ಳುತ್ತದೆ. ನಿಂತ ಅಳತೆಗಳನ್ನು ಸಾಮಾನ್ಯವಾಗಿ ಹಾಳೆಯ ಬಲಗಡೆಯಿಂದ ಓದುವಂತೆ ಬರೆದಿರುತ್ತಾರೆ, ಆದ್ದರಿಂದ ಓದುವ ಮೊದಲು ಗಡಿಯಾರದ ಮುಳ್ಳಿನಂತೆ 90 ಡಿಗ್ರಿ ತಿರುಗಿಸಬೇಕು. ಉಲ್ಟಾ ತಿರುಗಿಸಿದರೆ 68 ಎಂಬುದು 89 ಆಗಿಬಿಡುತ್ತದೆ. ಓಸಿಆರ್ ಅದನ್ನು ಪೂರ್ತಿ ನಂಬಿಕೆಯಿಂದಲೇ ಹೇಳುತ್ತದೆ. ಐಎಸ್‌ಒ ಪ್ರಕಾರ ಬರೆದ ಹಾಳೆಗಳಲ್ಲಿ ದಶಮಾಂಶಕ್ಕೆ ಅಲ್ಪವಿರಾಮ ಇರುತ್ತದೆ. 12,5 ಎಂದರೆ ಹನ್ನೆರಡೂವರೆ.

ಇದಕ್ಕೆ ಎರಡು ಮದ್ದು. ಮೊದಲನೆಯದು, ನಿಮ್ಮದೇ ಅಳತೆ ಚೌಕಗಳಿಂದ ಓಸಿಆರ್‌ಗೆ ಮತ್ತೆ ತರಬೇತಿ ಕೊಡಿ. ಬೇಕಾದ ಅಕ್ಷರಗಳು ಕೆಲವೇ, ಆದ್ದರಿಂದ ಬೇಗ ಕಲಿಯುತ್ತದೆ. ಎರಡನೆಯದು, ಓದಿದ್ದನ್ನು ವ್ಯಾಕರಣದ ಜರಡಿ ಹಿಡಿಯಿರಿ. ಡೈಮೆನ್ಷನ್‌ಗೆ ಒಂದು ರೂಪವಿದೆ: ಎಷ್ಟು ಸಲ, ಯಾವ ಬಗೆ, ಅಂಕಿ, ಟಾಲರೆನ್ಸ್. "4×⌀9" ಈ ರೂಪಕ್ಕೆ ಕೂರುತ್ತದೆ. "4×09" ಕೂರುವುದಿಲ್ಲ, ಯಾಕೆಂದರೆ ಅಳತೆ ಸೊನ್ನೆಯಿಂದ ಶುರುವಾದರೆ ಸೊನ್ನೆಯ ನಂತರ ದಶಮಾಂಶ ಗುರುತು ಬರಬೇಕು. ಥ್ರೆಡ್‌ಗೂ ಹಾಗೆಯೇ. ಎಂ8 ಇದೆ, ಎಂ10 ಇದೆ, ಎಂ9.3 ಎಂಬುದು ಪಟ್ಟಿಯಲ್ಲಿ ಇಲ್ಲ. ಕಂಸದೊಳಗಿನ ಅಳತೆ ಬರೀ ಮಾಹಿತಿಗೆ. ಅದನ್ನು ಮತ್ತೊಮ್ಮೆ ಎಣಿಸಬಾರದು.

ಚಿತ್ರ ನೋಡಿ ಮಾತಾಡುವ ದೊಡ್ಡ ಭಾಷಾ ಮಾಡೆಲ್‌ಗಳನ್ನು ಇಲ್ಲಿ ಬಳಸಬಹುದೇ? ಟೈಟಲ್ ಬ್ಲಾಕ್, ನೋಟ್ಸ್ ಓದಲು ಅವು ನಿಜಕ್ಕೂ ಒಳ್ಳೆಯವು. "ಚೂಪು ಅಂಚುಗಳನ್ನು ತೆಗೆಯಿರಿ", "ಕಪ್ಪು ಆಕ್ಸೈಡ್ ಲೇಪನ" ಎಂಬ ಸಾಲುಗಳ ಅರ್ಥ ಅವುಗಳಿಗೆ ಆಗುತ್ತದೆ. ಅಳತೆಗಳ ವಿಷಯದಲ್ಲಿ ನಾನು ಅವನ್ನು ಒಂಟಿಯಾಗಿ ನಂಬುವುದಿಲ್ಲ. ಹಾಳೆಯಲ್ಲಿ ಇಲ್ಲದ ಅಂಕಿಯನ್ನೂ ಇದೆ ಎಂಬಂತೆ ಬರೆದುಬಿಡುತ್ತವೆ. ಬಳಸುವುದಾದರೆ ಪೂರ್ತಿ ಹಾಳೆ ಕೊಡಬೇಡಿ. ಒಂದು ಚೌಕ ಕತ್ತರಿಸಿ ಕೊಟ್ಟು, ಅದರೊಳಗೆ ಏನಿದೆ ಎಂದಷ್ಟೇ ಕೇಳಿ. ಆಗ ಪ್ರತಿ ಉತ್ತರಕ್ಕೂ ಹಾಳೆಯ ಮೇಲೆ ಒಂದು ಜಾಗ ಇರುತ್ತದೆ.

ಹಂತ 7: ಅಂಕಿಯನ್ನು ಗೆರೆಗೆ ಜೋಡಿಸುವುದು

120 ಎಂಬ ಅಂಕಿ ಸಿಕ್ಕಿತು. ಅದು ಯಾವುದರ ಉದ್ದ? ಪಠ್ಯದ ಹತ್ತಿರದ ಡೈಮೆನ್ಷನ್ ಗೆರೆ ಹಿಡಿಯಿರಿ. ಅದರ ಎರಡು ತುದಿಯ ಬಾಣ ಹಿಡಿಯಿರಿ. ಬಾಣ ಮುಟ್ಟುವ ಎಕ್ಸ್‌ಟೆನ್ಷನ್ ಗೆರೆಯ ಜೊತೆ ಹೋದರೆ ಪಾರ್ಟ್‌ನ ಅಂಚು ಸಿಗುತ್ತದೆ. ಇದನ್ನು ಒಂದು ಗ್ರಾಫ್ ಆಗಿ ಇಟ್ಟುಕೊಂಡರೆ ಕೋಡ್ ಸುಲಭ. ಲೀಡರ್ ಗೆರೆಯ (ಬರಹದಿಂದ ತೂತಿಗೆ ಹೋಗುವ ಬಾಣದ ಗೆರೆ) ಕೊನೆಯಲ್ಲಿರುವ "4×⌀9" ಆದರೆ, ಲೀಡರ್ ಮುಟ್ಟುವ ವೃತ್ತವನ್ನು ಹಿಡಿದು, ಅದೇ ಗಾತ್ರದ ಉಳಿದ ವೃತ್ತಗಳನ್ನು ಹುಡುಕಬೇಕು.

ಒಂದೇ ತೂತು ಮೇಲಿನ ವ್ಯೂನಲ್ಲಿ ವೃತ್ತವಾಗಿ, ಪಕ್ಕದ ವ್ಯೂನಲ್ಲಿ ಎರಡು ಚುಕ್ಕೆ ಗೆರೆಗಳಾಗಿ ಕಾಣುತ್ತದೆ. ಎರಡನ್ನೂ ಎಣಿಸಿದರೆ ತೂತು ಜಾಸ್ತಿಯಾಗುತ್ತದೆ. ವ್ಯೂಗಳು ಒಂದಕ್ಕೊಂದು ನೇರವಾಗಿ ಕೂತಿರುವುದರಿಂದ, ಒಂದೇ ಸಾಲಿನಲ್ಲಿ ಬೀಳುವ ಗೆರೆಗಳನ್ನು ಜೋಡಿಸಿ ಒಂದೇ ಫೀಚರ್ ಮಾಡಿ. ತೂತಿನ ಆಳ ಗೊತ್ತಾಗುವುದೂ ಈ ಜೋಡಣೆಯಿಂದಲೇ.

ಹಂತ 8: ಡ್ರಾಯಿಂಗ್‌ನಿಂದಲೇ ಡ್ರಾಯಿಂಗ್ ತಾಳೆ ನೋಡಿ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಡುವ ಹಂತ ಇದು. ಯಾಕೆ ಎಂದು ಒಂದು ಲೆಕ್ಕದಿಂದ ನೋಡಿ. ನಿಮ್ಮ ಓದು ಒಂದೊಂದು ಅಳತೆಯಲ್ಲಿ ಶೇ. 98 ಸರಿ ಎಂದಿಟ್ಟುಕೊಳ್ಳಿ. ಕೇಳಲು ಚೆನ್ನಾಗಿದೆ. ಹಾಳೆಯಲ್ಲಿ 50 ಅಳತೆಗಳಿದ್ದು, ತಪ್ಪುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬಂದರೆ, ಎಲ್ಲ 50ರೂ ಸರಿ ಇರುವ ಹಾಳೆಗಳು ಶೇ. 36 ಮಾತ್ರ. 99ಕ್ಕೆ ಏರಿಸಿದರೂ ಶೇ. 60ರ ಆಸುಪಾಸು. ಮಾಡೆಲ್ ಅನ್ನು ಇನ್ನಷ್ಟು ಚೂಪು ಮಾಡುತ್ತಾ ಕೂತರೆ ಈ ಗೋಡೆ ದಾಟುವುದು ಕಷ್ಟ. ಯಾವ ಅಳತೆ ತಪ್ಪಿರಬಹುದು ಎಂದು ಕಂಡುಹಿಡಿಯುವುದು ಅದಕ್ಕಿಂತ ಸುಲಭ. ಅದಕ್ಕೆ ಬೇಕಾದ ಸಾಕ್ಷಿ ಹಾಳೆಯಲ್ಲೇ ಇದೆ.

ಮೊದಲ ತಾಳೆ, ಸ್ಕೇಲ್. ಒಂದು ವ್ಯೂ ಒಳಗೆ ಪ್ರತಿ ಅಳತೆಯ ಪಿಕ್ಸೆಲ್ ಉದ್ದವನ್ನು ಅದರ ಅಂಕಿಯಿಂದ ಭಾಗಿಸಿ. 1:1 ಸ್ಕೇಲ್, 300 ಡಿಪಿಐ ಆದರೆ ಎಲ್ಲದಕ್ಕೂ 11.8 ಬರಬೇಕು. 120ರ ಗೆರೆ 1417 ಪಿಕ್ಸೆಲ್, ಸರಿ. 80ರ ಗೆರೆ 945 ಪಿಕ್ಸೆಲ್. ಓಸಿಆರ್ ಅದನ್ನು 30 ಎಂದು ಓದಿದ್ದರೆ ಉತ್ತರ 31.5. ತಪ್ಪು ಅಲ್ಲೇ ಸಿಕ್ಕಿಬಿತ್ತು. ಬೋರಿನ 25 ಅನ್ನು 26 ಎಂದು ಓದಿದ್ದರೂ 11.36 ಬರುತ್ತದೆ, ಶೇ. 4ರಷ್ಟು ವ್ಯತ್ಯಾಸ. ನೇರವಾದ ಸ್ಕ್ಯಾನ್‌ನಲ್ಲಿ ಅದೂ ಕಾಣುತ್ತದೆ. ಸ್ಕೇಲ್ ಎಷ್ಟು ಎಂದು ಟೈಟಲ್ ಬ್ಲಾಕ್‌ನಿಂದ ತೆಗೆದುಕೊಳ್ಳುವ ಬದಲು, ಆ ವ್ಯೂನ ಎಲ್ಲ ಅನುಪಾತಗಳನ್ನು ಸಾಲಾಗಿ ಇಟ್ಟಾಗ ಮಧ್ಯದಲ್ಲಿ ಬರುವ ಅಂಕಿಯನ್ನೇ (ಮೀಡಿಯನ್) ಹಿಡಿಯಿರಿ. ಹಾಳೆಯನ್ನು ಕುಗ್ಗಿಸಿ ಪ್ರಿಂಟ್ ಮಾಡಿದ್ದರೂ ಆಗ ತೊಂದರೆ ಇಲ್ಲ.

ಪ್ರತಿ ವ್ಯೂಗೂ ಈ ಲೆಕ್ಕ ಬೇರೆ ಬೇರೆ ಮಾಡಬೇಕು, ಯಾಕೆಂದರೆ ಡಿಟೇಲ್ ವ್ಯೂ ಬೇರೆ ಸ್ಕೇಲ್‌ನಲ್ಲಿರುತ್ತದೆ. ಉದ್ದ ಶಾಫ್ಟ್ ಅನ್ನು ಮಧ್ಯೆ ಮುರಿದು ತೋರಿಸಿದ್ದರೆ ಆ ಅಳತೆಯನ್ನು ಲೆಕ್ಕದಿಂದ ಬಿಡಿ. ಐಎಸ್‌ಒ ಪದ್ಧತಿಯಲ್ಲಿ ಅಂಕಿಯ ಕೆಳಗೆ ಗೆರೆ ಎಳೆದಿದ್ದರೆ ಅದು ಸ್ಕೇಲ್‌ಗೆ ಇಲ್ಲ ಎಂದೇ ಅರ್ಥ. ಅದನ್ನೂ ಬಿಡಿ.

ಎರಡನೆಯದು, ಸರಪಳಿ. ಸಾಲಾಗಿ ಕೊಟ್ಟ ಚಿಕ್ಕ ಅಳತೆಗಳ ಮೊತ್ತ ಒಟ್ಟು ಅಳತೆಗೆ ಸಮ ಇರಬೇಕು. ತೂತಿನ ಜಾಗಗಳು 15, 90, 15 ಎಂದಿದ್ದರೆ 120 ಆಗುತ್ತದೆ. ಆಗದಿದ್ದರೆ ಒಂದು ಓದು ತಪ್ಪು, ಇಲ್ಲವೇ ಡ್ರಾಯಿಂಗೇ ತಪ್ಪು. ಎರಡನೆಯದಾದರೆ ಗ್ರಾಹಕರಿಗೆ ಕೊಟೇಶನ್‌ಗೆ ಮೊದಲೇ ಹೇಳಿದಂತಾಗುತ್ತದೆ.

ಮೂರನೆಯದು, ಎಣಿಕೆ. ಪಠ್ಯ "4×" ಎನ್ನುತ್ತದೆ, ಚಿತ್ರದಲ್ಲಿ ಅದೇ ಗಾತ್ರದ ವೃತ್ತ ಎಷ್ಟು? ಮೂರೇ ಸಿಕ್ಕರೆ ಕೆಂಪು ಗುರುತು. ನಾಲ್ಕನೆಯದು, ಇಂಜಿನಿಯರಿಂಗ್ ಅರ್ಥ. ತೂತಿನ ವ್ಯಾಸ ಪ್ಲೇಟ್‌ನ ಅಗಲಕ್ಕಿಂತ ದೊಡ್ಡದಿರಲಾರದು. ಎಂ8 ಸಾಮಾನ್ಯ ಪಿಚ್ ಟ್ಯಾಪ್‌ಗೆ ಮೊದಲು ಕೊರೆಯುವ ತೂತು 6.8, ಪಕ್ಕದಲ್ಲಿ 8.6 ಎಂದು ಓದಿದ್ದರೆ ಅಂಕಿಗಳು ಅದಲು ಬದಲಾಗಿವೆ. ⌀25 ಎಚ್7 ಪಕ್ಕದಲ್ಲಿ ಮಿತಿಗಳನ್ನೂ ಬರೆದಿದ್ದರೆ ಐಎಸ್‌ಒ 286ರ (ಎಚ್7ನಂತಹ ಮಿತಿಗಳ ಮಾನದಂಡ) ಪ್ರಕಾರ ಅವು 0 ಮತ್ತು +0.021 ಇರಬೇಕು.

ಈ ತಾಳೆಗೂ ಒಂದು ಮಿತಿ ಇದೆ. 25.0 ಮತ್ತು 25.1ರ ವ್ಯತ್ಯಾಸವನ್ನು ಪಿಕ್ಸೆಲ್ ಹೇಳಲಾರದು. ಟಾಲರೆನ್ಸ್ ಅಂಕಿಗಳಿಗಂತೂ ಅಳೆಯಲು ಗೆರೆಯೇ ಇಲ್ಲ. ಹಾಗಾಗಿ ಟಾಲರೆನ್ಸ್, ಫಿನಿಶ್, ಮಾಲಿನ ಗ್ರೇಡ್ ಈ ಮೂರನ್ನು ಎರಡು ಬೇರೆ ಬೇರೆ ಓಸಿಆರ್‌ಗಳಿಂದ ಓದಿಸಿ. ಉತ್ತರ ಒಂದೇ ಆಗಿದ್ದರೆ ಮಾತ್ರ ಮುಂದೆ ಬಿಡಿ.

ಹಂತ 9: ಫೀಚರ್‌ಗಳಿಂದ ಕೆಲಸದ ಪಟ್ಟಿಗೆ

ಈಗ ವಿಷನ್‌ನ ಕೆಲಸ ಮುಗಿದು ಶಾಪ್‌ನ ಜ್ಞಾನ ಶುರುವಾಗುತ್ತದೆ. ⌀9 ತೂತು ಎಂದರೆ ಸೆಂಟರ್ ಡ್ರಿಲ್, ಆಮೇಲೆ ಡ್ರಿಲ್. ಎಂ8 ಎಂದರೆ 6.8 ಡ್ರಿಲ್, ಚಾಂಫರ್, ಟ್ಯಾಪ್. ⌀25 ಎಚ್7 ಎಂದರೆ ಡ್ರಿಲ್, ರಫ್ ಬೋರಿಂಗ್, ಫಿನಿಶ್ ಬೋರಿಂಗ್ ಅಥವಾ ರೀಮಿಂಗ್, ಆಮೇಲೆ ಗೇಜ್ ಹಾಕಿ ತಪಾಸಣೆ. ಆರ್‌ಎ 3.2 ಮಾಮೂಲಿ ಮಿಲ್ಲಿಂಗ್‌ನಲ್ಲಿ ಬರುತ್ತದೆ. 0.4 ಎಂದಿದ್ದರೆ ಸಾಮಾನ್ಯವಾಗಿ ಗ್ರೈಂಡಿಂಗ್ ಸೇರಿಸಬೇಕು, ಅಂದರೆ ಇನ್ನೊಂದು ಮಶೀನ್, ಇನ್ನೊಂದು ಸೆಟಪ್ (ಪೀಸ್ ಅನ್ನು ಮಶೀನ್‌ನಲ್ಲಿ ಹೊಸದಾಗಿ ಕೂರಿಸಿ ಸಿದ್ಧ ಮಾಡುವುದು).

ಟಾಲರೆನ್ಸ್ ಬರೆಯದ ಅಳತೆಗಳಿಗೆ 2768-ಎಂ ಅನ್ವಯ. 16ಕ್ಕೆ ±0.2, 80ಕ್ಕೂ 120ಕ್ಕೂ ±0.3. ಇವೆಲ್ಲ ಸುಲಭದ ಮಿತಿಗಳು, ಹೆಚ್ಚು ಖರ್ಚಿಲ್ಲ. ಟಾಲರೆನ್ಸ್ ಬಿಗಿಯಾಗುತ್ತಾ ಹೋದಂತೆ ಕೆಲಸ ಹೇಗೆ ಬದಲಾಗುತ್ತದೆ ಎಂದು ನಿಮ್ಮ ಶಾಪ್‌ನವರನ್ನೇ ಕೇಳಿ ಟೇಬಲ್ ಮಾಡಿ. ಪುಸ್ತಕದ ಟೇಬಲ್‌ಗಿಂತ ಅದು ಎಷ್ಟೋ ಉತ್ತಮ, ಯಾಕೆಂದರೆ ಕೆಲಸ ನಡೆಯುವುದು ನಿಮ್ಮ ಮಶೀನ್‌ಗಳ ಮೇಲೆ.

ಸೆಟಪ್ ಎಷ್ಟು ಎಂಬುದು ಇಲ್ಲಿಯ ದೊಡ್ಡ ಪ್ರಶ್ನೆ. ಎಷ್ಟು ಕಡೆಯಿಂದ ಟೂಲ್ ಬರಬೇಕು ಎಂದು ಎಣಿಸಿ. ಎಲ್ಲ ತೂತುಗಳೂ ಮೇಲಿನಿಂದಲೇ ಆದರೆ ಪ್ಲೇಟ್ ಅನ್ನು ಒಮ್ಮೆ ಮಗುಚಿದರೆ ಸಾಕಾಗಬಹುದು. ಪಕ್ಕದಲ್ಲಿ ಒಂದೇ ಒಂದು ಟ್ಯಾಪ್ ಇದ್ದರೂ ಇನ್ನೊಂದು ಸೆಟಪ್ ಬಂತು.

ಹಂತ 10: ಲೆಕ್ಕ

ಸೂತ್ರದಲ್ಲಿ ಗುಟ್ಟೇನೂ ಇಲ್ಲ:

ಒಂದು ಪೀಸ್‌ನ ಖರ್ಚು = ಮಾಲು + (ಸೆಟಪ್ ಸಮಯ ÷ ಪೀಸ್‌ಗಳ ಸಂಖ್ಯೆ + ಒಂದು ಪೀಸ್‌ನ ಸಮಯ) × ಮಶೀನ್ ಅವರ್ ರೇಟ್ + ಟೂಲ್ + ಹೊರಗೆ ಕೊಡುವ ಕೆಲಸ + ತಪಾಸಣೆ

ಇದರ ಮೇಲೆ ಓವರ್‌ಹೆಡ್, ಆಮೇಲೆ ಲಾಭ.

ಮಾಲನ್ನು ಮುಗಿದ ಅಳತೆಯಿಂದ ಲೆಕ್ಕ ಹಾಕಬೇಡಿ. ನಮ್ಮ ಪ್ಲೇಟ್‌ಗೆ 125 × 85 × 20 ತುಂಡು ಬೇಕು ಎನ್ನೋಣ. 212.5 ಘನ ಸೆಂ.ಮೀ., ಉಕ್ಕಿನ ಸಾಂದ್ರತೆ 7.85 ಗ್ರಾಂ, ತೂಕ 1.67 ಕಿಲೋ. ತೂತು ಕೊರೆದದ್ದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಮುಗಿದ ಪ್ಲೇಟ್ 1.21 ಕಿಲೋ. ಸುಮಾರು ಅರ್ಧ ಕಿಲೋ ಚಿಪ್ಸ್ ಆಗಿ ಹೋಗುತ್ತದೆ, ಅದಕ್ಕೂ ಹಣ ಕೊಟ್ಟಿರುತ್ತೀರಿ.

ಕಟಿಂಗ್ ಸಮಯಕ್ಕೆ ಮಾಮೂಲಿ ಸೂತ್ರ. ಸ್ಪಿಂಡಲ್ ವೇಗ = 1000 × ಕಟಿಂಗ್ ಸ್ಪೀಡ್ ÷ (3.14 × ಕಟ್ಟರ್ ವ್ಯಾಸ). ⌀50 ಫೇಸ್ ಕಟ್ಟರ್, ನಿಮಿಷಕ್ಕೆ 150 ಮೀಟರ್ ಎಂದರೆ ಸುಮಾರು 955 ಸುತ್ತು. ನಾಲ್ಕು ಹಲ್ಲು, ಹಲ್ಲಿಗೆ 0.1 ಮಿ.ಮೀ. ಫೀಡ್, ಅಂದರೆ ನಿಮಿಷಕ್ಕೆ 382 ಮಿ.ಮೀ. 85 ಅಗಲಕ್ಕೆ ಎರಡು ಸಾಲು, ಒಳಗೆ ಹೊರಗೆ ಹೋಗುವುದೂ ಸೇರಿ 350 ಮಿ.ಮೀ. ಓಟ. ಒಂದು ಮೇಲ್ಮೈಗೆ ಒಂದು ನಿಮಿಷವೂ ಬೇಡ. ಪ್ಲೇಟ್ ಕೂರಿಸಿ, ಬಿಗಿದು, ಮಗುಚಿ, ಟೂಲ್ ಬದಲಿಸಿ, ಅಳೆಯುವುದಕ್ಕೆ ಅದಕ್ಕಿಂತ ಜಾಸ್ತಿ ಹೊತ್ತು ಹೋಗುತ್ತದೆ. ಕಟಿಂಗ್ ಸಮಯವನ್ನು ಸೆಕೆಂಡ್ ಲೆಕ್ಕದಲ್ಲಿ ಹಿಡಿದು, ಉಳಿದದ್ದನ್ನು ಕಣ್ಣಂದಾಜಿನಲ್ಲಿ ಬಿಟ್ಟರೆ ಎಸ್ಟಿಮೇಟ್ ಹುಸಿ.

ಪೀಸ್‌ಗಳ ಸಂಖ್ಯೆಯೂ ಹಾಗೆಯೇ. ಸೆಟಪ್ 60 ನಿಮಿಷ ಎಂದರೆ 5 ಪೀಸ್‌ಗೆ ತಲಾ 12 ನಿಮಿಷ, 500 ಪೀಸ್‌ಗೆ ತಲಾ 7 ಸೆಕೆಂಡ್‌ನಷ್ಟು. ಡ್ರಾಯಿಂಗ್‌ನಲ್ಲಿ ಈ ಸಂಖ್ಯೆ ಹೆಚ್ಚಿನ ಸಲ ಇರುವುದೇ ಇಲ್ಲ, ಜೊತೆಗಿನ ಪತ್ರದಲ್ಲಿ ಇರುತ್ತದೆ. ಅದಕ್ಕೊಂದು ಖಾನೆ ಇಡಿ.

ಮಶೀನ್ ಲರ್ನಿಂಗ್‌ಗೆ ಈ ಹಂತದಲ್ಲಿ ಒಂದು ಒಳ್ಳೆಯ ಜಾಗ ಇದೆ. ಜಾಬ್ ಕಾರ್ಡ್‌ನಲ್ಲಿ ಬರೆದ ನಿಜವಾದ ಸಮಯಕ್ಕೂ ಸೂತ್ರ ಕೊಟ್ಟ ಸಮಯಕ್ಕೂ ಇರುವ ವ್ಯತ್ಯಾಸವನ್ನು ಕಲಿಯಲಿ. ಸಮಯ ಕಲಿಯಲಿ, ಬೆಲೆ ಬೇಡ. ರೇಟುಗಳು ಬದಲಾದಾಗ ಮಾಡೆಲ್ ಹಳತಾಗುವುದಿಲ್ಲ.

ಹಂತ 11: ಎಸ್ಟಿಮೇಟರ್ ನೋಡುವ ಪರದೆ

ಎಡಕ್ಕೆ ಡ್ರಾಯಿಂಗ್, ಬಲಕ್ಕೆ ಫೀಚರ್ ಪಟ್ಟಿ. ಪಟ್ಟಿಯಲ್ಲಿ ಒಂದು ಸಾಲು ಒತ್ತಿದರೆ ಡ್ರಾಯಿಂಗ್‌ನಲ್ಲಿ ಆ ಜಾಗ ದೊಡ್ಡದಾಗಿ, ಮೂಲ ಚಿತ್ರದಿಂದಲೇ ಕಾಣಬೇಕು. ಇಷ್ಟು ಇಲ್ಲದ ಸಿಸ್ಟಮ್ ಅನ್ನು ಯಾವ ಎಸ್ಟಿಮೇಟರೂ ನಂಬುವುದಿಲ್ಲ, ನಂಬಲೂಬಾರದು.

ಎಲ್ಲ ಅನುಮಾನಗಳನ್ನೂ ಅವರ ಮುಂದೆ ಸುರಿಯಬೇಡಿ. ಪ್ರತಿ ಅನುಮಾನಕ್ಕೂ ಬೆಲೆಯ ವ್ಯತ್ಯಾಸ ಲೆಕ್ಕ ಹಾಕಿ. ಮೂಲೆಯ ರೇಡಿಯಸ್ 5 ಇರಲಿ 6 ಇರಲಿ, ಬೆಲೆ ಬದಲಾಗದು. ಅದನ್ನು ಕೇಳಿ ಅವರ ಸಮಯ ತಿನ್ನಬೇಡಿ. ಬೋರಿನ ಫಿನಿಶ್ 1.6 ಅಥವಾ 0.4 ಎಂಬ ಅನುಮಾನ ಇದ್ದರೆ ಗ್ರೈಂಡಿಂಗ್ ಬರುತ್ತದೋ ಇಲ್ಲವೋ ಎಂಬ ಪ್ರಶ್ನೆ. ಅದು ಪಟ್ಟಿಯ ತಲೆಯಲ್ಲಿರಬೇಕು. ಎರಡು ಓದುಗಳಿಗೂ ಬೆಲೆ ಹಾಕಿ, ಅಂತರ ಜಾಸ್ತಿ ಇರುವುದನ್ನು ಮೊದಲು ಕೇಳಿ. ಹೆಚ್ಚಿನ ಹಾಳೆಗಳಿಗೆ ಎರಡು ಮೂರು ಪ್ರಶ್ನೆಗಳಲ್ಲಿ ಕೆಲಸ ಮುಗಿಯುವಂತೆ ಗುರಿ ಇಡಿ. ಅವರು ತಿದ್ದಿದ ಪ್ರತಿಯೊಂದನ್ನೂ ಚೌಕ, ತಪ್ಪು ಓದು, ಸರಿ ಓದು ಸಮೇತ ಉಳಿಸಿ. ಮುಂದಿನ ತರಬೇತಿಗೆ ಇದಕ್ಕಿಂತ ಒಳ್ಳೆಯ ಮಾಹಿತಿ ಬೇರೆ ಸಿಗುವುದಿಲ್ಲ.

ಹಂತ 12: ಅಳೆಯುವುದು

ಡಿಟೆಕ್ಷನ್ ಮಾಡೆಲ್‌ನ ಅಂಕ ಒಂದನ್ನೇ ನೋಡಿ ಸಮಾಧಾನ ಬೇಡ. ಬೆಲೆಗೆ ಬೇಕಾದ ಖಾನೆಗಳು ಎಷ್ಟು ಸರಿ, ಎಚ್ಚರಿಕೆ ಇಲ್ಲದೆ ದಾಟಿಹೋದ ತಪ್ಪುಗಳು ಎಷ್ಟು, ಕೊನೆಯ ಖರ್ಚಿನಲ್ಲಿ ವ್ಯತ್ಯಾಸ ಎಷ್ಟು, ಈ ಮೂರನ್ನು ಬೇರೆ ಬೇರೆ ಬರೆಯಿರಿ. ನಡುವಿನದೇ ನನ್ನ ಪ್ರಕಾರ ಅತಿ ಮುಖ್ಯ. ಅನುಮಾನ ಹೇಳಿ ಮಾಡಿದ ತಪ್ಪನ್ನು ಎಸ್ಟಿಮೇಟರ್ ತಿದ್ದುತ್ತಾರೆ. ಧೈರ್ಯವಾಗಿ ಹೇಳಿದ ತಪ್ಪು ನೇರ ಗ್ರಾಹಕರ ಕೈಗೆ ಹೋಗುತ್ತದೆ.

ಖರ್ಚಿನ ವ್ಯತ್ಯಾಸವನ್ನು ಹೆಚ್ಚು, ಕಡಿಮೆ ಎಂಬ ಗುರುತಿನ ಸಮೇತ ನೋಡಿ. ನೀವು ಜಾಸ್ತಿ ಹೇಳಿದ ಜಾಬ್ ಬೇರೆಯವರಿಗೆ ಹೋಗುತ್ತದೆ. ಕಡಿಮೆ ಹೇಳಿದ್ದು ನಿಮಗೇ ಬರುತ್ತದೆ. ಆದ್ದರಿಂದ ಸರಾಸರಿ ತಪ್ಪು ಸೊನ್ನೆ ಇದ್ದರೂ, ಕೈಗೆ ಬಂದ ಆರ್ಡರ್‌ಗಳಲ್ಲಿ ಕಡಿಮೆ ಹೇಳಿದವೇ ತುಂಬಿರುತ್ತವೆ. ಸಿಸ್ಟಮ್ ಶುರುವಾದ ಮೇಲೆ ಸಿಕ್ಕ ಆರ್ಡರ್‌ಗಳ ನಿಜವಾದ ಖರ್ಚನ್ನು ಬೇರೆಯಾಗಿ ತಾಳೆ ನೋಡಿದರೆ ಮಾತ್ರ ಇದು ಕಣ್ಣಿಗೆ ಬೀಳುತ್ತದೆ.

ಬಳಕೆಗೆ ಇಳಿಸುವ ಮೊದಲು

ಡ್ರಾಯಿಂಗ್ ಗ್ರಾಹಕರ ಆಸ್ತಿ. ಹೊರಗಿನ ಸರ್ವರ್‌ನಲ್ಲಿ ನಡೆಯುವ ಓಸಿಆರ್ ಅಥವಾ ಭಾಷಾ ಮಾಡೆಲ್‌ಗೆ ಅದನ್ನು ಕಳಿಸುವ ಮುನ್ನ, ನೀವು ಸಹಿ ಹಾಕಿದ ಗೋಪ್ಯತೆಯ ಒಪ್ಪಂದ ತೆಗೆದು ಓದಿ. ಒಪ್ಪಿಗೆ ಇಲ್ಲದಿದ್ದರೆ ನಿಮ್ಮದೇ ಕಂಪ್ಯೂಟರ್‌ನಲ್ಲಿ ಓಡುವ ಮಾಡೆಲ್‌ಗಳನ್ನೇ ಬಳಸಿ. ಇಲ್ಲಿ ಹೇಳಿದ ಓಸಿಆರ್‌ಗಳೆಲ್ಲ ಹಾಗೆ ಓಡುತ್ತವೆ.

ಮೊದಲ ಕೆಲವು ವಾರ ಸಿಸ್ಟಮ್ ಕೊಟ್ಟ ಬೆಲೆಯನ್ನು ಹೊರಗೆ ಕಳಿಸಬೇಡಿ. ಎಸ್ಟಿಮೇಟರ್ ಎಂದಿನಂತೆ ತಮ್ಮ ಲೆಕ್ಕ ಮಾಡಲಿ, ಸಿಸ್ಟಮ್ ತನ್ನದು ಮಾಡಲಿ. ಎರಡೂ ಬೇರೆ ಬಂದ ಹಾಳೆಗಳನ್ನು ಒಟ್ಟಿಗೆ ಕೂತು ನೋಡಿ. ಓದಿದ್ದು ತಪ್ಪೋ, ಕೆಲಸದ ಪಟ್ಟಿ ತಪ್ಪೋ, ಸಮಯದ ಟೇಬಲ್ ತಪ್ಪೋ ಎಂದು ಪ್ರತಿ ಹಾಳೆಗೂ ಬರೆದಿಡಿ. ಓದುವ ತಪ್ಪುಗಳೇ ಜಾಸ್ತಿ ಇದ್ದರೆ ಹಂತ 6 ಮತ್ತು 8ಕ್ಕೆ ಹಿಂತಿರುಗಿ. ಟೇಬಲ್ ತಪ್ಪಿದ್ದರೆ ಶಾಪ್‌ಗೆ ಹೋಗಿ ಗಡಿಯಾರ ಹಿಡಿದು ನಿಲ್ಲಿ. ಒಂದು ಬಗೆಯ ಜಾಬ್‌ನಲ್ಲಿ ಎಚ್ಚರಿಕೆ ಇಲ್ಲದ ತಪ್ಪುಗಳು ನಿಮ್ಮ ಎಸ್ಟಿಮೇಟರ್ ಒಪ್ಪುವಷ್ಟು ಇಳಿದ ಮೇಲೆ ಎರಡನೆಯ ಬಗೆಯನ್ನು ಸೇರಿಸಿ. ಪ್ಲೇಟ್‌ನಿಂದ ಶುರು ಮಾಡಿದ್ದರೆ ಮುಂದಿನದು ಲೇತ್ ಪಾರ್ಟ್‌ಗಳಾಗಲಿ. ಹಂತ 2ರಿಂದ 8ರವರೆಗಿನ ಕೋಡ್ ಬಹುಪಾಲು ಹಾಗೆಯೇ ಉಳಿಯುತ್ತದೆ, ಹೊಸದಾಗಿ ಬರೆಯಬೇಕಾದ್ದು ಕೆಲಸದ ಪಟ್ಟಿಯ ನಿಯಮಗಳು.